ಕೋಶಸಂತತಿಗಳಲ್ಲಿ ನಾಮಸಾಂಕರ್ಯ

ಒಂದು ಕಾವ್ಯದ ಹತ್ತು ಓಲೆಪ್ರತಿಗಳು ಹತ್ತು ಊರುಗಳಿಂದ ದೊರೆತಿದ್ದರೂ, ಹತ್ತರಲ್ಲಿಯೂ ಒಂದೇ ಸ್ಥಳದಲ್ಲಿ ಒಂದೇ ಪದ್ಯವು ಬಿಟ್ಟುಹೋಗಿ ಒಂದೇ ಅಪಪಾಠವು ತಲೆದೋರಿದರೆ, ಅವುಗಳನ್ನು ಹತ್ತು ಸಾಕ್ಷಿಗಳೆಂದು ಎಣಿಸುವ ಸಂಪಾದಕನಿಲ್ಲ. ಅವೆಲ್ಲವೂ ಒಂದೇ ಮಾತೃಕೆಯ ಸಂತಾನವೆಂದು ತಿಳಿಯುವುದು ಗ್ರಂಥಸಂಪಾದನ ಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಜೀವಶಾಸ್ತ್ರದ ಪ್ರಯೋಗಶಾಲೆಗಳಿಗೆ ಇದೇ ನ್ಯಾಯವು ೧೯೬೬ರಲ್ಲಿ ಅನ್ವಯಿಸಲ್ಪಟ್ಟು, ಅಲ್ಲಿಯ ಪಂಡಿತರನ್ನು ಬಹುವಾಗಿ ಕಲಕಿತು. ಆ ಕಲಕು ಇಂದಿಗೂ ಪೂರ್ಣವಾಗಿ ತಿಳಿಯಾಗಿಲ್ಲ.

ವಿಷಯವು ದೂರದ್ದೆಂದು ತೋರಬಹುದು, ಹಾಗಲ್ಲ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿದೆ. ಈ ಸೀಮೆಯ ಹಳ್ಳಿಗಳಲ್ಲಿ ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಹಾಕಿಕೊಳ್ಳುವ ರೂಢಿ ಹಿಂದಿನಿಂದ ಬಂದುದು. ಹೊಗೆಸೊಪ್ಪು ಬಾಯಿಯ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಕಾರಣವೆಂಬುದು ಬಹುದಿನಗಳಿಂದ ತಿಳಿದ ಮಾತು. ಹೊಗೆಸೊಪ್ಪಿಲ್ಲದೆ ಅಡಕೆಯೊಂದೇ ಸಾಕೆಂದು ಅಂತರರಾಷ್ಟ್ರೀಯ ಅರ್ಬುದ ಸಂಶೋಧನ ಸಂಸ್ಥೆಯು ೨೦೦೪ರಲ್ಲಿ ಪ್ರಕಟಿಸಿತು. ದವಡೆಯೊಳಗಿನ ಹುಣ್ಣು ಮಾಯದೆ ಇದ್ದಾಗ ರೋಗಿಯು ತುಮಕೂರಿಗೆ ಹೋಗುತ್ತಾನೆ. ಅಲ್ಲಿಂದ, ೧೯೭೩ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಗೆ. ಅವನಿಗೆ ಕೊಡುವ ಔಷಧವು ಅವನ ಬಳಿಗೆ ಬರುವುದಕ್ಕೆ ವರ್ಷಗಳ ಮುನ್ನ ಎಲ್ಲಿಯೋ ಒಂದು ಶೀಸೆಯಲ್ಲಿ ಬೆಳೆದ ಜೀವಕೋಶಗಳ ಮೇಲೆ ಪರೀಕ್ಷಿತವಾಗಿರುತ್ತದೆ. ಬಾಯಿಯ ಅರ್ಬುದದ ಕೋಶಗಳೆಂದು ಲೋಕದಾದ್ಯಂತ ಹೆಸರಾಗಿ, ಭಾರತದ ಲೇಖನಗಳಲ್ಲಿಯೂ ಹಾಗೆಯೇ ಉಲ್ಲೇಖವನ್ನು ಪಡೆದ ‘ಕೆ. ಬಿ.’ ಎಂಬ ಸಂತತಿಯು ವಸ್ತುತಃ ಬಾಯಿಯದಲ್ಲ. ಅದು ಗರ್ಭಕಂಠದ ಅರ್ಬುದದ್ದು; ಅದೂ ಬೇರೊಬ್ಬರ ದೇಹದ್ದು.

ಕೋಶಸಂತತಿಯೆಂದರೇನೆಂಬುದನ್ನು ಮೊದಲು ಹೇಳಬೇಕು. ದೇಹದಿಂದ ತೆಗೆದ ಸಾಮಾನ್ಯ ಕೋಶಗಳನ್ನು ಪೋಷಕದ್ರವದಲ್ಲಿಟ್ಟು ಬೆಚ್ಚಗೆ ಕಾಪಾಡಿದರೆ ಅವು ಕೆಲವು ಸಲ ಇಬ್ಭಾಗವಾಗಿ, ಅನಂತರ ಸೋತು ಸಾಯುತ್ತವೆ. ಅರ್ಬುದದ ಕೆಲವು ಕೋಶಗಳಿಗೆ ಈ ಸೋಲಿಲ್ಲ. ಅವು ಎಡೆಬಿಡದೆ ಇಮ್ಮಡಿಸುತ್ತ ಹೋಗುತ್ತವೆ. ಒಂದು ಶೀಸೆ ತುಂಬಿದರೆ ಅದರಿಂದ ಒಂದಿಷ್ಟನ್ನು ಇನ್ನೊಂದಕ್ಕೆ ಬಿತ್ತುತ್ತಾರೆ. ಹೀಗೆ ಮೂಲದೇಹವು ಮಣ್ಣಾದ ಮೇಲೆಯೂ ಬೆಳೆಯುತ್ತಿರುವ ಕೋಶಪರಂಪರೆಗೆ ಸಂತತಿಯೆಂದು ಹೆಸರು. ಲಿಪಿಕಾರನು ಪ್ರತಿಯಿಂದ ಪ್ರತಿಯನ್ನು ತೆಗೆಯುವಂತೆಯೇ ಇದು ನಡೆಯುತ್ತದೆ. ಶೀಸೆಯ ಮೇಲೆ ಅಂಟಿಸಿದ ಚೀಟಿಯೇ ಇದರ ಪುಷ್ಪಿಕೆ.

ಮಾನವದೇಹದಿಂದ ಬಂದ ಇಂತಹ ಸಂತತಿಗಳಲ್ಲಿ ಮೊದಲನೆಯದು ಹೆನ್ರಿಯೆಟಾ ಲ್ಯಾಕ್ಸ್ ಎಂಬ ಆಫ್ರಿಕನ್ ಮೂಲದ ಅಮೆರಿಕನ್ ಮಹಿಳೆಯದು. ೧೯೫೧ರ ಆರಂಭದಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಆಕೆಯ ಗರ್ಭಕಂಠದ ಗಂತಿಯಿಂದ ಒಂದು ಚೂರನ್ನು, ಆಕೆಯನ್ನು ಕೇಳದೆಯೇ, ತೆಗೆದರು. ಜಾರ್ಜ್ ಗೈ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಅದು ದಿನವೊಂದಕ್ಕೆ ಇಮ್ಮಡಿಯಾಗುವಂತೆ ಬೆಳೆಯಿತು. ಆಕೆಯು ಅದೇ ವರ್ಷದ ಅಕ್ಟೋಬರ್ ತಿಂಗಳಲ್ಲಿ ತನ್ನ ೩೧ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಆಕೆಯ ಹೆಸರಿನ ಮೊದಲಕ್ಷರಗಳಿಂದ ಕೋಶಗಳಿಗೆ ‘ಹೀಲಾ’ ಎಂಬ ಹೆಸರಾಯಿತು. ಇಲ್ಲಿಯೂ ಹೆಸರಿನ ಗೊಂದಲ ತಪ್ಪಲಿಲ್ಲ: ಹೆಲೆನ್ ಲೇನ್ ಎಂಬ ಕಲ್ಪಿತ ನಾಮವು ಹೊರಗೆ ಪ್ರಚಾರಕ್ಕೆ ಬಂದು, ಆಕೆಯ ನಿಜನಾಮವು ವೈದ್ಯಪತ್ರಿಕೆಯಲ್ಲಿ ಅಚ್ಚಾದುದು ೧೯೭೧ರಲ್ಲಿ. ಗಂತಿಯ ಜಾತಿಯನ್ನೂ ಮೊದಲು ತಪ್ಪಾಗಿ ಬರೆದಿದ್ದರೆಂಬುದು ಆಗಲೇ ಗೊತ್ತಾಯಿತು.

ಹೀಲಾ ಕೋಶಗಳನ್ನು ಬೇಡಿದವರಿಗೆಲ್ಲ ಗೈ ಧಾರಾಳವಾಗಿ ಕಳುಹಿಸಿದರು. ಅನಂತರದ ಹದಿನೈದು ವರ್ಷಗಳಲ್ಲಿ ಯಕೃತ್ತಿನದು, ಕರುಳಿನದು, ಧ್ವನಿಪೆಟ್ಟಿಗೆಯದು, ಬಾಯಿಯದು ಎಂದು ಹತ್ತಾರು ಹೊಸ ಸಂತತಿಗಳು ಪ್ರಕಟವಾದುವು. ಅಷ್ಟು ಕಷ್ಟಸಾಧ್ಯವಾದ ಕಾರ್ಯವು ಇಷ್ಟು ಸುಲಭವಾಗಿ ಎಲ್ಲೆಡೆಯೂ ಫಲಿಸುತ್ತಿದೆಯಲ್ಲಾ ಎಂಬ ಶಂಕೆಯು ಬಹುಮಂದಿಗೆ ಹುಟ್ಟಲಿಲ್ಲ. ೧೯೬೬ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿಗಳು ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್ ಎಂಬಲ್ಲಿ ನೆರೆದ ವಿದ್ವತ್ಸಭೆಯ ಮುಂದೆ ತಮ್ಮ ಪರೀಕ್ಷೆಯ ಫಲವನ್ನಿಟ್ಟರು. ಕೋಶದೊಳಗಿನ ಒಂದು ಕಿಣ್ವಕ್ಕೆ ‘ಎ’, ‘ಬಿ’ ಎಂಬ ಎರಡು ರೂಪಗಳುಂಟು; ‘ಎ’ ರೂಪವು ಬಹುಮಟ್ಟಿಗೆ ಆಫ್ರಿಕನ್ ಮೂಲದವರಲ್ಲಿ ಮಾತ್ರ ಕಾಣುವುದು. ಬೇರೆ ಬೇರೆ ದೇಹಗಳಿಂದ ಬಂದುವೆನ್ನಲಾದ ಹದಿನೆಂಟು ಸಂತತಿಗಳನ್ನು ಅವರು ನೋಡಲಾಗಿ, ಹದಿನೆಂಟರಲ್ಲಿಯೂ ‘ಎ’ ರೂಪವೇ ದೊರೆಯಿತು. ಹೀಲಾದಲ್ಲಿಯೂ ಅದೇ. ಹತ್ತು ಪ್ರತಿಗಳಲ್ಲಿ ಒಂದೇ ಅಪಪಾಠವೆಂಬುದು ಇದಕ್ಕಿಂತ ಹೆಚ್ಚಿನದೇನನ್ನು ಹೇಳೀತು?

ಸಭೆಗೆ ಈ ಮಾತು ರುಚಿಸಲಿಲ್ಲವೆಂಬುದರಲ್ಲಿ ಆಶ್ಚರ್ಯವಿಲ್ಲ. ಆದರೆ ಸಾಕ್ಷ್ಯವು ಬೆಳೆಯುತ್ತಲೇ ಹೋಯಿತು. ೧೯೭೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ವಾಲ್ಟರ್ ನೆಲ್ಸನ್-ರೀಸ್ ಅವರು ವರ್ಣತಂತುಗಳ ಪಟ್ಟೆಗಳನ್ನು ಸೂಕ್ಷ್ಮದರ್ಶಕದಲ್ಲಿ ಓದಿ, ಹೀಲಾಕ್ಕೆ ಮಾತ್ರ ವಿಶಿಷ್ಟವಾದ ವಿಕೃತತಂತುಗಳು ಎಲ್ಲೆಲ್ಲಿ ಸಿಕ್ಕುವುವೆಂದು ಪಟ್ಟಿಮಾಡಿದರು. ಸೋವಿಯತ್ ದೇಶದಿಂದ ಸ್ನೇಹವಿನಿಮಯವಾಗಿ ಬಂದ ಆರು ಸಂತತಿಗಳೂ ಹೀಲಾವೇ ಆಗಿದ್ದುವೆಂದು ಅವರು ತೋರಿಸಿದರು. ಸಂತತಿಯ ಹೆಸರನ್ನೂ ಅದನ್ನು ಕೊಟ್ಟವರ ಹೆಸರನ್ನೂ ಮುಚ್ಚುಮರೆಯಿಲ್ಲದೆ ಅಚ್ಚುಹಾಕಿಸಿದುದರಿಂದ ಅವರಿಗೆ ಮಿತ್ರರಿಗಿಂತ ವಿರೋಧಿಗಳೇ ಹೆಚ್ಚಾದರು. ೧೯೮೧ರಲ್ಲಿ ಅವರು ಕೆಲಸದಿಂದ ನಿವೃತ್ತರಾದರು. ಪಟ್ಟಿಯು ನಿಂತಿತು.

ಮಿಶ್ರಣವು ಹೇಗೆ ಆಗುತ್ತದೆ? ಒಂದೇ ಪಿಪೆಟ್ಟನ್ನು ಎರಡು ಶೀಸೆಗಳಿಗೆ ಅದ್ದಿದರೆ ಸಾಕು. ಪೋಷಕದ್ರವದ ಒಂದೇ ಸೀಸೆಯಿಂದ ಇಬ್ಬರಿಗೂ ಬಡಿಸಿದರೆ ಸಾಕು. ಚೀಟಿ ಬರೆಯುವಾಗ ಮನಸ್ಸು ಬೇರೆಡೆ ಹೋದರೂ ಸಾಕು. ನಿಧಾನವಾಗಿ ಬೆಳೆಯುವ ಕೋಶಗಳ ನಡುವೆ ಹೀಲಾದ ಒಂದು ಕೋಶ ಬಿದ್ದರೆ, ಕೆಲವು ವಾರಗಳಲ್ಲಿ ಶೀಸೆಯಲ್ಲಿ ಉಳಿಯುವುದು ಹೀಲಾ ಮಾತ್ರ. ಮಧುಗಿರಿ ಸಿರಾಗಳ ಹೊಲಗಳಲ್ಲಿ ರಾಗಿಯನ್ನೇ ಹೋಲುವ ಹುಲ್ಲು ಪೈರಿನೊಡನೆ ಮೊಳೆತು, ತೆನೆ ಒಡೆಯುವವರೆಗೆ ಗುರುತು ಸಿಕ್ಕದೆ ಉಳಿಯುವುದನ್ನು ಒಕ್ಕಲಿಗರು ಬಲ್ಲರು. ಹೊಲದಲ್ಲಿ ತೆನೆಯಾದರೂ ಒಡೆಯುತ್ತದೆ. ಶೀಸೆಯಲ್ಲಿ ತೆನೆಯೂ ಇಲ್ಲ. ಓಲೆಗ್ರಂಥಕ್ಕೂ ಕೋಶಕ್ಕೂ ಇರುವ ಮುಖ್ಯ ಭೇದವೂ ಇದೇ: ಒಂದು ಕಟ್ಟಿನ ಓಲೆ ಇನ್ನೊಂದು ಕಟ್ಟಿಗೆ ಸೇರಿದರೆ ಎರಡೂ ಉಳಿದಿರುತ್ತವೆ, ತಿದ್ದಬಹುದು, ಕೋಶದಲ್ಲಿ ಬಲವಾದುದು ದುರ್ಬಲವನ್ನು ಅಳಿಸಿಹಾಕುವುದರಿಂದ ಮೂಲಪಾಠವು ಮರಳಿ ದೊರೆಯುವುದಿಲ್ಲ.

ದೋಷವು ಕೈಯಿಂದ ಕೈಗೆ ದಾಟುವಾಗ ಮಾತ್ರ ಸೇರುವುದೆಂದು ಭಾವಿಸುವಂತಿಲ್ಲ. ಜರ್ಮನಿಯ ಕೋಶಭಂಡಾರದವರು ೧೯೯೯ರಲ್ಲಿ ೨೫೨ ಸಂತತಿಗಳನ್ನು ಪರಿಶೋಧಿಸಿ, ಅವುಗಳಲ್ಲಿ ೪೫ ಸಂತತಿಗಳು ಹೆಸರಿಗೆ ತಕ್ಕುವಲ್ಲವೆಂದು ಕಂಡರು; ಇವು ಬಂದುದು ಅವುಗಳನ್ನು ಮೊದಲು ಸೃಷ್ಟಿಸಿದವರಿಂದಲೇ. ಎಂದರೆ ಮಾತೃಕೆಯೇ ಅಶುದ್ಧವಾಗಿತ್ತು. ಹೀಲಾ ಒಂದೇ ಅಪರಾಧಿಯೂ ಅಲ್ಲ. ೧೯೭೬ರಲ್ಲಿ ಸ್ತ್ರೀಯೊಬ್ಬಳ ಸ್ತನಾರ್ಬುದದಿಂದ ಬಂದುದೆನ್ನಲಾದ ‘ಎಂಡಿಎ-ಎಂಬಿ-೪೩೫’ ಎಂಬ ಸಂತತಿಯು ಕಾಲು ಶತಮಾನ ಸ್ತನಾರ್ಬುದದ ಮಾದರಿಯಾಗಿ ಮೆರೆದು, ಕೊನೆಗೆ ಪುರುಷನೊಬ್ಬನ ಚರ್ಮಾರ್ಬುದದ ಸಂತತಿಯಾದ ‘ಎಂ-೧೪’ ಎಂದು ತೀರ್ಮಾನವಾಯಿತು.

ಕವಿರಾಜಮಾರ್ಗದ ಕರ್ತೃತ್ವವನ್ನು ನೃಪತುಂಗನಿಂದ ಶ್ರೀವಿಜಯನಿಗೆ ವರ್ಗಾಯಿಸಿದರೆ ಗ್ರಂಥದ ಒಂದಕ್ಷರವೂ ಬದಲಾಗುವುದಿಲ್ಲ. ಬದಲಾಗುವುದು ಅದರಿಂದ ನಾವು ಕಟ್ಟುವ ಚರಿತ್ರೆ. ಕೋಶಗಳ ವಿಷಯದಲ್ಲಿಯೂ ಹೀಗೆಯೇ ವಿವೇಚಿಸಬೇಕು. ಪೆಸಿಫಿಕ್ ಯೂ ಎಂಬ ಮರದ ತೊಗಟೆಯ ಸಾರವು ೧೯೬೪ರಲ್ಲಿ ಕೆ. ಬಿ. ಕೋಶಗಳನ್ನು ಕೊಂದಿತು, ಅದರಿಂದ ಟ್ಯಾಕ್ಸಾಲ್ ಎಂಬ ಔಷಧ ಹೊರಬಂದು ಇಂದಿಗೂ ಉಪಯೋಗದಲ್ಲಿದೆ. ಕೋಶವು ಬಾಯಿಯದೋ ಗರ್ಭಕಂಠದ್ದೋ ಎಂಬುದು ಆ ಪ್ರಶ್ನೆಗೆ ಮುಖ್ಯವಾಗಿರಲಿಲ್ಲ. ‘ಈ ಮೂಲಿಕೆಯು ಬಾಯಿಯ ಅರ್ಬುದಕ್ಕೆ ಗುಣಕಾರಿ’ ಎಂದು ಬರೆದಾಗ ಮಾತ್ರ ಅದೇ ಸರ್ವಸ್ವ. ಹೀಲಾದೊಳಗೆ ಗರ್ಭಕಂಠದ ಅರ್ಬುದಕ್ಕೆ ಕಾರಣವಾದ ಪ್ಯಾಪಿಲೋಮಾ ವೈರಾಣುವಿನ ಹದಿನೆಂಟನೆಯ ಜಾತಿ ಅಡಗಿದೆ. ಹೊಗೆಸೊಪ್ಪು ಅಡಕೆಗಳಿಂದ ಹುಟ್ಟಿದ ಗಂತಿಯ ದಾರಿಯೇ ಬೇರೆ. ಒಂದರ ಮೇಲೆ ಕಂಡುದನ್ನು ಇನ್ನೊಂದಕ್ಕೆ ಆರೋಪಿಸಿದರೆ ಪಾವಗಡದ ರೋಗಿಗೆ ಅದರಿಂದ ಬರುವ ಪ್ರಯೋಜನವೇನು?

೨೦೧೭ರಲ್ಲಿ ಇಬ್ಬರು ಡಚ್ ವಿದ್ವಾಂಸರು ಎಣಿಸಿದಂತೆ, ತಪ್ಪು ಹೆಸರಿನ ಸಂತತಿಗಳನ್ನು ಉಪಯೋಗಿಸಿದ ಲೇಖನಗಳು ೩೨,೭೫೫. ಅವುಗಳನ್ನು ಉದ್ಧರಿಸಿದ ಲೇಖನಗಳು ಸುಮಾರು ಐದು ಲಕ್ಷ. ದೋಷವನ್ನು ಕಂಡುಹಿಡಿಯುವ ಉಪಾಯವು ಇಲ್ಲದ್ದರಿಂದ ಹೀಗಾಯಿತೆನ್ನುವಂತಿಲ್ಲ. ನ್ಯಾಯಾಲಯಗಳಲ್ಲಿ ವ್ಯಕ್ತಿಯನ್ನು ಗುರುತಿಸಲು ಬಳಸುವ ಡಿಎನ್‌ಎ ಪರೀಕ್ಷೆಯೇ ಇಲ್ಲಿಯೂ ಸಾಕು. ತಳಿಸೂತ್ರದ ಕೆಲವು ನಿಯತಸ್ಥಾನಗಳಲ್ಲಿ ಒಂದು ಪುಟ್ಟ ಅಕ್ಷರಗುಚ್ಛವು ಪಲ್ಲವಿಯಂತೆ ಮರುಕಳಿಸುತ್ತದೆ. ಎಷ್ಟು ಸಲವೆಂಬುದು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಎಂಟೋ ಹದಿಮೂರೋ ಸ್ಥಾನಗಳಲ್ಲಿ ಈ ಆವೃತ್ತಿಗಳನ್ನೆಣಿಸಿ, ನೂರಕ್ಕೆ ಎಂಬತ್ತು ಪಾಲು ಹೊಂದಿದರೆ ಎರಡು ಕೋಶಗಳು ಒಂದೇ ಮೂಲದವೆಂದು ಬಗೆಯುವುದು ೨೦೧೧ರಲ್ಲಿ ಸಿದ್ಧವಾದ ಪ್ರಮಾಣಸೂತ್ರದ ಕ್ರಮ. ವೆಚ್ಚವೂ ಹೆಚ್ಚಲ್ಲ. ಆದರೂ ಪಕ್ಕದ ಕೋಣೆಯ ಗೆಳೆಯನಿಂದ ಒಂದು ಶೀಸೆಯನ್ನು ಎರವಲು ತಂದು ಕೆಲಸಕ್ಕೆ ತೊಡಗುವ ಅಭ್ಯಾಸ ಎಲ್ಲ ದೇಶಗಳಲ್ಲಿಯೂ ಉಂಟು. ಭಾರತದಲ್ಲಿ ಕೋಶಗಳನ್ನು ಸಂಗ್ರಹಿಸಿ ಹಂಚುವ ರಾಷ್ಟ್ರೀಯ ಭಂಡಾರವು ಪುಣೆಯ ಕೋಶವಿಜ್ಞಾನ ಕೇಂದ್ರದಲ್ಲಿದೆ; ಭಂಡಾರದಿಂದ ತಂದುದೂ ಪ್ರಯೋಗಶಾಲೆಯೊಳಗೆ ಹತ್ತಾರು ಸಲ ಕೈಬದಲಾದ ಮೇಲೆ ಮತ್ತೆ ಪರೀಕ್ಷೆಯನ್ನು ಬಯಸುತ್ತದೆ.

ಈ ವಿಷಯಕ್ಕಾಗಿಯೇ ೨೦೧೨ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ಸಮಿತಿಯು ತಪ್ಪು ಹೆಸರಿನ ಸಂತತಿಗಳ ಪಟ್ಟಿಯೊಂದನ್ನು ಎಲ್ಲರೂ ನೋಡುವಂತೆ ಪ್ರಕಟಿಸಿ ಕಾಲಕಾಲಕ್ಕೆ ಪರಿಷ್ಕರಿಸುತ್ತಿದೆ. ಅದರಲ್ಲೀಗ ಐನೂರಕ್ಕೂ ಮಿಕ್ಕ ಹೆಸರುಗಳಿವೆ. ಕೆ. ಬಿ. ಸಂತತಿಯ ಹೆಸರನ್ನು ಯಾರೂ ತೆಗೆದುಹಾಕಿಲ್ಲ. ಅಮೆರಿಕದ ಕೋಶಭಂಡಾರದ ಸೂಚಿಯಲ್ಲಿ ಅದು ಹಳೆಯ ಸಂಖ್ಯೆಯೊಡನೆಯೇ ಇದೆ. ಬಾಯಿಯ ಅರ್ಬುದದಿಂದ ಬಂದುದೆಂದು ಮೊದಲು ನಂಬಲಾಗಿತ್ತು, ಪರೀಕ್ಷಿಸಲಾಗಿ ಹೀಲಾ ಎಂದು ತಿಳಿದಿದೆ ಎಂಬ ಟಿಪ್ಪಣಿಯು ಹೆಸರಿನ ಕೆಳಗೆ ಸೇರಿದೆ.