ನಟನ ಮರಣವೂ ನಾಡಿನ ಕಣ್ಣೀರೂ

2006ನೆಯ ಇಸವಿಯ ಏಪ್ರಿಲ್ 12 ಪವಿತ್ರ ವಾರದ ಬುಧವಾರ. ಅಂದು ಡಾ. ರಾಜ್‌ಕುಮಾರ್ ಬೆಂಗಳೂರಿನಲ್ಲಿ ನಿಧನರಾದರು. ಅವರಿಗೆ 77 ವರ್ಷ ತುಂಬಲು ಇನ್ನು 12 ದಿನಗಳಷ್ಟೇ ಉಳಿದಿದ್ದವು. ಮರುದಿನ ಪವಿತ್ರ ಗುರುವಾರ. ಪ್ರಭು ಯೇಸುವು ಶಿಷ್ಯರ ಪಾದಗಳನ್ನು ತೊಳೆದುದನ್ನು ನಾವು ಭಕ್ತಿಯಿಂದ ಸ್ಮರಿಸುವ ದಿನ. ಆ ದಿನವೇ ರಾಜಧಾನಿಯ ಬೀದಿಗಳಲ್ಲಿ ವಾಹನಗಳು ಹೊತ್ತಿ ಉರಿದವು, ಕಲ್ಲುಗಳು ತೂರಿಬಂದವು, ಅಶ್ರುವಾಯು ಸಿಡಿಯಿತು, ಗುಂಡೂ ಹಾರಿತು. ಎಂಟು ಜನ ಪ್ರಾಣ ಕಳೆದುಕೊಂಡರು. ಅವರಲ್ಲೊಬ್ಬರು ಕರ್ತವ್ಯದ ಮೇಲಿದ್ದ ಪೊಲೀಸ್ ಪೇದೆ. ಶೋಕಿಸಲೆಂದು ಸೇರಿದ್ದ ಗುಂಪಿನ ಹೊಡೆತಕ್ಕೆ ಸಿಕ್ಕಿ ಸತ್ತವರು. ಹೂಮಳೆ ಬಿದ್ದು ಕಾಫಿ ತೋಟಗಳು ಬೆಳ್ಳಗಾಗುವ ಕಾಲವದು. ಅಂದಿನ ಸಂಜೆಯ ಪೂಜೆಗೆ ಬಂದ ನಮ್ಮ ಜನರ ಬಾಯಲ್ಲಿ ಹೂಮಳೆಯ ಮಾತಿರಲಿಲ್ಲ, ಬೆಂಗಳೂರಿನ ಬೆಂಕಿಯ ಮಾತೇ ಇತ್ತು.

ಹದಿನೈದು ವರ್ಷಗಳ ತರುವಾಯ, 2021ರ ಅಕ್ಟೋಬರ್ 29ರಂದು, ಅವರ ಕಿರಿಯ ಪುತ್ರ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತಂದೆಯದು ತುಂಬಿದ ಬಾಳು. ಮಗನದು ನಡು ಮಧ್ಯಾಹ್ನದಲ್ಲೇ ಕವಿದ ಕತ್ತಲು. ಆದುದರಿಂದ ಜನರ ಆಘಾತ ಮೊದಲಿನದಕ್ಕಿಂತ ಹೆಚ್ಚೇ ಇದ್ದಿತು. ಅದೇ ಕುಟುಂಬ, ಅದೇ ಕಂಠೀರವ ಕ್ರೀಡಾಂಗಣ, ಸಮಾಧಿಗೆ ಅದೇ ಕಂಠೀರವ ಸ್ಟುಡಿಯೋ. ಲಕ್ಷಾಂತರ ಜನ ಬಂದರು, ಸರತಿಯಲ್ಲಿ ನಿಂತರು, ಅತ್ತರು, ಮನೆಗೆ ಮರಳಿದರು. ನಗರ ಹೊತ್ತಿ ಉರಿಯಲಿಲ್ಲ. ಅಂತ್ಯಕ್ರಿಯೆ 31ರ ಭಾನುವಾರ ಬೆಳಿಗ್ಗೆ, ಸಕಲ ಸಂತರ ಹಬ್ಬದ ಮುನ್ನಾದಿನ, ಶಾಂತವಾಗಿ ನೆರವೇರಿತು.

ಈ ಎರಡು ಮರಣಗಳ ನಡುವಣ ಅಂತರವೇನು ಎಂಬ ಪ್ರಶ್ನೆ ನಮ್ಮನ್ನು ಬಹುಕಾಲ ಕಾಡಿದೆ. ಹದಿನೈದು ವರ್ಷಗಳಲ್ಲಿ ಜನರ ಸ್ವಭಾವ ಬದಲಾಯಿತೆಂದು ಹೇಳುವವರುಂಟು. ನಾವು ಅದನ್ನು ಒಪ್ಪಲಾರೆವು. ಮನುಷ್ಯಸ್ವಭಾವ ಅಷ್ಟು ಶೀಘ್ರವಾಗಿ ಬದಲಾಗುವಂಥದಲ್ಲ. 2006ರಲ್ಲಿ ಪಾರ್ಥಿವ ಶರೀರವನ್ನು ಎಲ್ಲಿ ಇಡಲಾಗುವುದು, ಯಾವಾಗ ಒಯ್ಯಲಾಗುವುದು ಎಂಬುದು ಜನರಿಗೆ ಸ್ಪಷ್ಟವಾಗಿ ತಿಳಿಯಲಿಲ್ಲ. ಇಪ್ಪತ್ತನಾಲ್ಕು ಗಂಟೆ ಕಳೆದು ಸ್ವಲ್ಪ ಹೊತ್ತಿಗೆಲ್ಲ ಮಣ್ಣು ಮಾಡುವ ಅವಸರ. ದೂರದಿಂದ ಬಂದವನಿಗೆ ಮುಖದರ್ಶನವಿಲ್ಲ, ಮನೆಯವರಿಗೆ ನೆಮ್ಮದಿಯಿಂದ ವಿಧಿ ನಡೆಸುವ ಅವಕಾಶವಿಲ್ಲ. 2021ರಲ್ಲಾದರೋ ಮಗಳು ಅಮೆರಿಕದಿಂದ ಬರಲೆಂದು ಅಂತ್ಯಕ್ರಿಯೆಯನ್ನು ಒಂದು ದಿನ ಮುಂದೂಡಲಾಯಿತು. ಆ ಅವಧಿಯಲ್ಲಿ ಜನರಿಗೆ ನಿಲ್ಲಲು ಒಂದು ಸಾಲು ದೊರೆಯಿತು, ನೋಡಲು ಒಂದು ಕ್ಷಣ ದೊರೆಯಿತು. ಪೊಲೀಸರ ಪೂರ್ವಸಿದ್ಧತೆ, ಮದ್ಯ ಮಾರಾಟದ ನಿಷೇಧ ಇವೂ ನೆರವಾದವು, ನಿಜ. ಆದರೆ ಮುಖ್ಯವಾದುದು ದುಃಖಕ್ಕೆ ದಾರಿಯೂ ಸಮಯವೂ ಸಿಕ್ಕಿದುದು. ಮಳೆಗಾಲದಲ್ಲಿ ಚರಂಡಿ ಬಿಡಿಸದ ತೋಟದಲ್ಲಿ ನೀರು ಏನು ಮಾಡುತ್ತದೆಂಬುದನ್ನು ಮೂಡಿಗೆರೆ, ಕಳಸದ ಬೆಳೆಗಾರರಿಗೆ ನಾವು ವಿವರಿಸಬೇಕಾಗಿಲ್ಲ.

2021ರಲ್ಲಿ ಎಲ್ಲವೂ ಸುಸೂತ್ರವಾಗಿತ್ತೆಂದಲ್ಲ. ಕೆಲವು ಯುವಕರು ದುಃಖ ತಾಳಲಾರದೆ ತಮ್ಮ ಜೀವವನ್ನೇ ಕಳೆದುಕೊಂಡರು. ಶೋಕದಲ್ಲಿದ್ದ ಕುಟುಂಬದವರೇ ಅಂಥ ಕೆಲಸಕ್ಕೆ ಕೈಹಾಕಬೇಡಿರೆಂದು ಅಭಿಮಾನಿಗಳನ್ನು ಬೇಡಿಕೊಳ್ಳಬೇಕಾಯಿತು. ಕಂಬನಿಯನ್ನು ಹಂಚಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲದ ಹುಡುಗರು ಅವರಲ್ಲಿ ಎಷ್ಟು ಮಂದಿಯಿದ್ದರೋ!

ಸತ್ತವರಿಗಾಗಿ ಅಳುವುದನ್ನು ಪವಿತ್ರ ಗ್ರಂಥ ಎಲ್ಲಿಯೂ ಹೀನವೆಂದು ಎಣಿಸಿಲ್ಲ. ಲಾಜರನ ಸಮಾಧಿಯೆದುರು ಯೇಸುಸ್ವಾಮಿಯೇ ಕಣ್ಣೀರಿಟ್ಟರು. ಸಿರಾಖನ ಗ್ರಂಥದ 38ನೆಯ ಅಧ್ಯಾಯವಂತೂ ಈ ವಿಷಯದಲ್ಲಿ ಅನುಭವಿಯಾದ ಅಜ್ಜನೊಬ್ಬನ ಮಾತಿನಂತಿದೆ: ಸತ್ತವನಿಗಾಗಿ ಮನಸಾರೆ ಅಳು, ದೇಹವನ್ನು ತಕ್ಕ ಗೌರವದಿಂದ ಮಣ್ಣು ಮಾಡು, ಒಂದೆರಡು ದಿನ ಶೋಕವನ್ನಾಚರಿಸು, ಅನಂತರ ಸಮಾಧಾನ ತಂದುಕೋ ಎಂಬುದು ಅದರ ಸಾರ. ನಮ್ಮ ನೆರೆಹೊರೆಯ ಹಿಂದೂ ಬಾಂಧವರ ಹಾಲುತುಪ್ಪ, ತಿಥಿಗಳ ಹಿಂದೆಯೂ ಇದೇ ವಿವೇಕವಿದೆ. ಪುನೀತರ ಹಾಲುತುಪ್ಪದ ಕಾರ್ಯ ನಡೆದುದು ನವೆಂಬರ್ 2ರಂದು. ನಾವು ಸಕಲ ಮೃತರ ಸ್ಮರಣೆಗೆಂದು ಸಮಾಧಿಭೂಮಿಗೆ ತೆರಳುವ ದಿನ. ಶವಸಂಸ್ಕಾರದ ವೈಭವ ಸತ್ತವರಿಗೆ ನೆರವಾಗುವುದಕ್ಕಿಂತ ಹೆಚ್ಚಾಗಿ ಬದುಕಿರುವವರಿಗೆ ಸಾಂತ್ವನವಾಗುತ್ತದೆ ಎಂದು ಸಂತ ಅಗಸ್ಟೀನರು ಅಭಿಪ್ರಾಯಪಟ್ಟಿದ್ದಾರೆ. ಆ ಸಾಂತ್ವನವನ್ನು ಕಿತ್ತುಕೊಂಡಾಗ ಆಗುವ ಅನಾಹುತವನ್ನು 2006 ನಮಗೆ ತೋರಿಸಿಕೊಟ್ಟಿತು.

ಇದೇ ಅಗಸ್ಟೀನರು ತಮ್ಮ ಆತ್ಮನಿವೇದನೆಯಲ್ಲಿ ನಾಟಕಶಾಲೆಯ ಕಣ್ಣೀರನ್ನು ಕಟುವಾಗಿ ಟೀಕಿಸಿದ್ದಾರೆ. ಕಲ್ಪಿತ ಪಾತ್ರಗಳ ಸಂಕಟಕ್ಕೆ ಅತ್ತು ಸುಖಪಡುವುದು ಎಂಥ ಹುಚ್ಚು ಎಂಬುದು ಅವರ ಪ್ರಶ್ನೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ನಮಗೆ ಈ ಟೀಕೆ ಬಹಳ ಹಿಡಿಸಿತ್ತು. ಈಗ ಅದು ಪೂರ್ತಿ ಸಾಲದೆನಿಸುತ್ತದೆ. ಮನೆಯಲ್ಲಿ ಕೊಂಕಣಿ, ಲೈನಿನಲ್ಲಿ ತಮಿಳೋ ತುಳುವೋ ಆಡುತ್ತಿದ್ದ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡದ ಸ್ವಚ್ಛ ಉಚ್ಚಾರಣೆ ಮೊದಲು ಕಿವಿಗೆ ಬಿದ್ದುದು ರಾಜ್‌ಕುಮಾರರ ಬಾಯಿಂದ. 1985ರ ‘ಬೆಟ್ಟದ ಹೂವು’ ಚಿತ್ರದಲ್ಲಿ ಬಾಲಕ ಪುನೀತ್ ಅಭಿನಯಿಸಿದುದು ಬೆಟ್ಟದಲ್ಲಿ ಹೂವು ಆಯ್ದು, ಪುಸ್ತಕ ಕೊಳ್ಳಲೆಂದು ಕಾಸು ಕೂಡಿಟ್ಟು, ಕೊನೆಗೆ ಮನೆಯವರಿಗೆ ಕಂಬಳಿ ತಂದ ಬಡ ಹುಡುಗನ ಪಾತ್ರ. ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಮಳೆಗಾಲದ ಚಳಿಯಲ್ಲಿ ಕಂಬಳಿಯ ಬೆಲೆಯೇನೆಂಬುದನ್ನು ಬಲ್ಲ ಲೈನ್ ಮನೆಯ ತಾಯಂದಿರು ಆ ಹುಡುಗನನ್ನು ತಮ್ಮವನೆಂದುಕೊಂಡರೆ ಅದನ್ನು ಹುಚ್ಚೆನ್ನಲಾದೀತೇ?

ಇದನ್ನು ಒತ್ತಿ ಹೇಳಲು ಕಾರಣವುಂಟು. ಕೂಲಿಯವರಿಗೆ ಸಿನಿಮಾ ಹುಚ್ಚು ಎಂದು ನಗುವ ದೊಡ್ಡ ಮನೆಗಳು ನಮ್ಮ ಬೆಟ್ಟಗಳಲ್ಲಿವೆ. 2009ರ ಜೂನ್ 25ರಂದು ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಅಂಥ ಮನೆಗಳ ಮಕ್ಕಳೇ ಊಟ ಬಿಟ್ಟು ಟೀವಿಯ ಮುಂದೆ ಕುಳಿತಿದ್ದರು. ಆ ಗಾಯಕನ ವಿಚಾರದಲ್ಲಿ ಜಗತ್ತು ಎರಡು ಪಾಳೆಯಗಳಾಯಿತು. ಒಂದು ಪಾಳೆಯಕ್ಕೆ ಆತ ದೇವತೆ, ಇನ್ನೊಂದಕ್ಕೆ ಮಕ್ಕಳನ್ನು ಕೆಡಿಸಿದ ಪಾಪಿ. ಬಾಲಕರ ಮೇಲಿನ ಲೈಂಗಿಕ ದೌರ್ಜನ್ಯದ ಮೊಕದ್ದಮೆಯಲ್ಲಿ 2005ರಲ್ಲಿ ಜ್ಯೂರಿಯು ಆತನನ್ನು ಎಲ್ಲ ಆರೋಪಗಳಿಂದ ಬಿಡುಗಡೆ ಮಾಡಿತ್ತು. ಮರಣಾನಂತರ ಬೇರೆಯವರು ಹೊಸ ಆರೋಪಗಳನ್ನು ಮಾಡಿದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಹಳೆಯ ನುಡಿ ಇಲ್ಲಿ ಸಾಲದು. ನೊಂದೆನೆಂದು ಹೇಳುವ ಮಗುವಿನ ಮಾತನ್ನು ಸತ್ತವರ ಗೌರವಕ್ಕಾಗಿ ಅದುಮಿಡುವುದು ಅಧರ್ಮ; ಧರ್ಮಸಭೆಯೂ ಈ ಪಾಠವನ್ನು ಬಹಳ ಕಹಿಯಾಗಿಯೇ ಕಲಿತಿದೆ. ಆದರೆ ಸತ್ಯಶೋಧನೆ ಬೇರೆ, ಹೆಣದ ಮುಂದಿನ ಲೇವಡಿ ಬೇರೆ.

ಈ ಎರಡು ಪಾಳೆಯಗಳ ನಡುವೆ ಕ್ರೈಸ್ತನು ಎಲ್ಲಿ ನಿಲ್ಲಬೇಕು? ಧರ್ಮಸಭೆ ಅನೇಕರನ್ನು ಸಂತರೆಂದು ಘೋಷಿಸಿದೆ. ಇಂಥವರು ನರಕದಲ್ಲಿದ್ದಾರೆಂದು ಹೆಸರು ಹಿಡಿದು ಒಬ್ಬರನ್ನೂ ಘೋಷಿಸಿಲ್ಲ. ಮೃತರ ಪೂಜೆಯಲ್ಲಿ ಕಿರುಪ್ರಬೋಧನೆ ಇರಲಿ, ಗುಣಗಾನದ ಭಾಷಣ ಬೇಡವೆಂದು ಪೂಜಾಗ್ರಂಥದ ಸಾಮಾನ್ಯ ನಿಯಮಾವಳಿ ಸ್ಪಷ್ಟವಾಗಿ ಹೇಳುತ್ತದೆ. (ನಮ್ಮ ಸಮಾಧಿಭೂಮಿಗಳಲ್ಲಿ ಕೇಳಿಬರುವ ಅರ್ಧ ಗಂಟೆಯ ಭಾಷಣಗಳಿಗೂ ಈ ಮಾತು ಅನ್ವಯಿಸುತ್ತದೆಂದು ನೆನಪಿಸಿದರೆ ಯಾರೂ ಬೇಸರಿಸಬಾರದು.) ಸತ್ತವನನ್ನು ಹೊಗಳುವುದೂ ಅಲ್ಲ, ತೆಗಳುವುದೂ ಅಲ್ಲ, ಅವನಿಗಾಗಿ ಬೇಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಬೇಡಿಕೆಯಲ್ಲಿ ಪಾಪವೂ ಮರೆಯಾಗುವುದಿಲ್ಲ, ಪ್ರೀತಿಯೂ ಮರೆಯಾಗುವುದಿಲ್ಲ.

2021ರ ನವೆಂಬರಿನಲ್ಲಿ ಇದು ನಮ್ಮ ಧರ್ಮಕೇಂದ್ರದಲ್ಲಿ ಬರಿಯ ತತ್ತ್ವದ ಮಾತಾಗಿ ಉಳಿಯಲಿಲ್ಲ. ಲೈನ್ ಮನೆಯ ತಾಯಿಯೊಬ್ಬರು ಮೃತರ ಪಟ್ಟಿಯಲ್ಲಿ ಗಂಡನ ಹೆಸರು, ಅತ್ತೆಯ ಹೆಸರು ಬರೆಸಿ, ಕೆಳಗೆ ‘ಅಪ್ಪು’ ಎಂದು ಬರೆಸಿದರು. ಯಾವ ಅಪ್ಪು ಎಂದು ಕೇಳಿದುದಕ್ಕೆ “ನಮ್ಮ ಅಪ್ಪು, ಫಾದರ್. ಟೀವಿಯಲ್ಲಿ ನೋಡಿಲ್ವಾ?” ಎಂದರು. ಕಾಣಿಕೆಯನ್ನೂ ಮೂರು ಹೆಸರಿಗೆ ಲೆಕ್ಕಹಾಕಿಯೇ ತಂದಿದ್ದರು. ಧರ್ಮಕೇಂದ್ರದ ಹಿರಿಯರೊಬ್ಬರು, “ಸಿನಿಮಾ ನಟನಿಗೆ, ಅದೂ ಕ್ರೈಸ್ತರಲ್ಲದವರಿಗೆ, ಬಲಿಪೂಜೆಯೇ?” ಎಂದು ಆಕ್ಷೇಪಿಸಿದರು. ಅವರ ಕಾಳಜಿಯನ್ನು ನಾವು ಲಘುವಾಗಿ ಕಾಣಲಿಲ್ಲ. ಅಭಿಮಾನ ಆರಾಧನೆಯಾಗಿ ತಿರುಗುವ ಅಪಾಯ ಇದ್ದೇ ಇದೆ. ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 901ನೆಯ ಕಲಮು, ಬದುಕಿರುವವರಾಗಲಿ ಸತ್ತವರಾಗಲಿ ಯಾರಿಗಾಗಿಯೂ ಬಲಿಪೂಜೆಯನ್ನರ್ಪಿಸಲು ಗುರುವಿಗೆ ಸ್ವಾತಂತ್ರ್ಯ ನೀಡಿದೆ. ಪಟ್ಟಿಯಲ್ಲಿ ಆ ಹೆಸರು ಉಳಿಯಿತು, ಗಂಡನ ಮತ್ತು ಅತ್ತೆಯ ಹೆಸರುಗಳ ಜೊತೆಯಲ್ಲೇ ಓದಲಾಯಿತು. ಆ ತಾಯಿಗೆ ಗಂಡನಿಗಾಗಿ ಅಳಲು ಬಿಡುವು ಸಿಕ್ಕಿತ್ತೋ ಇಲ್ಲವೋ ನಾವರಿಯೆವು. ಎಷ್ಟೋ ಬಾರಿ ಜನ ತಮ್ಮದೇ ಹಳೆಯ ದುಃಖವನ್ನು ದೊಡ್ಡವರ ಸಾವಿನಲ್ಲಿ ಅತ್ತು ತೀರಿಸುತ್ತಾರೆ.

ಈ ತಂದೆ ಮಕ್ಕಳಿಬ್ಬರ ಮರಣದಲ್ಲಿಯೂ ಸಮಾನವಾದುದೊಂದಿದೆ. ಇಬ್ಬರ ಕಣ್ಣುಗಳೂ ದಾನವಾದವು. ನಾರಾಯಣ ನೇತ್ರಾಲಯದ ನೇತ್ರಭಂಡಾರಕ್ಕೆ 1994ರಿಂದ ರಾಜ್‌ಕುಮಾರರ ಹೆಸರೇ ಇದೆ. ಪುನೀತರ ಎರಡು ಕಣ್ಣುಗಳ ಕಾರ್ನಿಯಾ ಪೊರೆಗಳನ್ನು ಪದರಗಳಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು. ತರುವಾಯದ ವಾರಗಳಲ್ಲಿ ರಾಜ್ಯದಲ್ಲಿ ನೇತ್ರದಾನಕ್ಕೆ ಹೆಸರು ಕೊಟ್ಟವರ ಸಂಖ್ಯೆ ಏರಿತು. ಶರೀರದ ಪುನರುತ್ಥಾನಕ್ಕೆ ಇದರಿಂದ ಬಾಧಕವಿಲ್ಲವೇ ಎಂದು ನಮ್ಮವರು ಈಗಲೂ ಕೇಳುತ್ತಾರೆ. ಬಾಧಕವಿಲ್ಲ, ಮರಣಾನಂತರದ ಅಂಗದಾನವನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಶ್ಲಾಘ್ಯವಾದ ಕಾರ್ಯವೆಂದು ಕರೆದು ಪ್ರೋತ್ಸಾಹಿಸುತ್ತದೆ.

ನಮ್ಮ ಬೆಟ್ಟಗಳಲ್ಲಿ ಅಡ್ಡಿಯಾಗುವುದು ದೇವಶಾಸ್ತ್ರವಲ್ಲ, ದಾರಿ. ಸತ್ತ ಸುಮಾರು ಆರು ಗಂಟೆಗಳೊಳಗೆ ಕಣ್ಣುಗಳನ್ನು ತೆಗೆಯಬೇಕು. ಕಳಸದ ಆಚೆಯ ತೋಟವೊಂದರಿಂದ ನೇತ್ರಭಂಡಾರದವರಿಗೆ ಸುದ್ದಿ ಮುಟ್ಟಿ, ಅವರು ತಿರುವುಗಳ ರಸ್ತೆಯಲ್ಲಿ ಬರುವಷ್ಟರಲ್ಲಿ ಅರ್ಧ ಸಮಯ ಕಳೆದಿರುತ್ತದೆ. ಆದುದರಿಂದ ಬಂಧುಗಳಿಗೆ ದೂರವಾಣಿ ಮಾಡುವ ಮೊದಲೇ ಅವರಿಗೆ ಮಾಡಬೇಕು. ಫ್ಯಾನ್ ನಿಲ್ಲಿಸಿ, ರೆಪ್ಪೆಗಳನ್ನು ಮುಚ್ಚಿ, ಮೇಲೆ ಒದ್ದೆ ಹತ್ತಿಯಿರಿಸಿ, ತಲೆಯ ಕೆಳಗೆ ದಿಂಬಿಟ್ಟು ಎತ್ತರಿಸಬೇಕು. ಕನ್ನಡಕ ಧರಿಸಿದವರೂ, ಪೊರೆಯ ಶಸ್ತ್ರಚಿಕಿತ್ಸೆಯಾದವರೂ, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಮುಖ ವಿಕಾರವಾಗುವುದಿಲ್ಲ, ಅಂತ್ಯಕ್ರಿಯೆ ತಡವಾಗುವುದಿಲ್ಲ. ಕೆಲಸ ಇಪ್ಪತ್ತು ನಿಮಿಷಗಳದ್ದು. ಪಕ್ಕದ ಕೋಣೆಯಲ್ಲಿ ಮನೆಯವರು ಒಂದು ಜಪಸರ ಹೇಳಿ ಮುಗಿಸುವಷ್ಟು ಹೊತ್ತು.