ಸರಪಳಿ ಗರಗಸದ ಎಂಜಿನ್ನಿನ ಪುನರ್ಜೋಡಣೆ: ಕಾರಣ ನಿರ್ಣಯದ ಒಂದು ಪಾಠ

ಮಲೆನಾಡಿನ ತೋಟಗಳಲ್ಲಿ ಈಗ ಕೊಡಲಿಯ ಸದ್ದಿಗಿಂತ ಸರಪಳಿ ಗರಗಸದ ಸದ್ದೇ ಹೆಚ್ಚಾಗಿ ಕೇಳಿಬರುತ್ತದೆ. ಗಾಳಿಗೆ ಉರುಳಿದ ಮರವನ್ನು ದಾರಿಯಿಂದ ತೆಗೆಯುವುದಕ್ಕೂ, ಕಾಫಿ ತೋಟದ ನೆರಳಿನ ಮರಗಳನ್ನು ಸವರುವುದಕ್ಕೂ, ಸೌದೆಯನ್ನು ತುಂಡರಿಸುವುದಕ್ಕೂ ಜನರು ಇದನ್ನೇ ನೆಚ್ಚಿಕೊಂಡಿದ್ದಾರೆ. ಒಬ್ಬನೇ ಹೊತ್ತು ನಡೆಯಬಹುದಾದ ಈ ಯಂತ್ರದ ಒಡಲಲ್ಲಿರುವುದು ಟೂ-ಸ್ಟ್ರೋಕ್ ಎಂಜಿನ್ನು. ಅದು ಕೆಟ್ಟಾಗ ಬಿಚ್ಚಿ, ಹಾಳಾದ ಭಾಗಗಳನ್ನು ಬದಲಿಸಿ, ಮತ್ತೆ ಜೋಡಿಸುವ ಕ್ರಮವನ್ನು ಪ್ರಕೃತ ಲೇಖನದಲ್ಲಿ ವಿವರಿಸಲು ಯತ್ನಿಸಲಾಗಿದೆ. ಇತಿಹಾಸದ ಅಧ್ಯಾಪಕನಿಗೆ ಯಂತ್ರದ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಕೆಟ್ಟ ಎಂಜಿನ್ನನ್ನು ಸರಿಪಡಿಸುವುದೆಂದರೆ, ಎಲ್ಲಕ್ಕೂ ಮೊದಲು, ನಡೆದುಹೋದ ಒಂದು ಘಟನೆಯ ಕಾರಣವನ್ನು ಅದು ಉಳಿಸಿಹೋದ ಗುರುತುಗಳಿಂದ ನಿರ್ಣಯಿಸುವುದು. ಈ ನಿರ್ಣಯವನ್ನು ಬಿಟ್ಟು ಭಾಗಗಳನ್ನು ಮಾತ್ರ ಬದಲಿಸಿದರೆ ಏನಾಗುವುದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎರಡು ವರ್ಷಗಳ ಹಿಂದೆ, ಮಳೆಗಾಲ ಹಿಡಿಯುವುದಕ್ಕೆ ಮುಂಚೆ, ಕೊಪ್ಪದ ಕಡೆಯಲ್ಲಿರುವ ನನ್ನ ಸೋದರಮಾವನ ತೋಟದಲ್ಲಿ ಸಿಲ್ವರ್ ಓಕ್ ಮರವೊಂದನ್ನು ಕೊಯ್ಯುತ್ತಿರುವಾಗ ಗರಗಸವು ಥಟ್ಟನೆ ನಿಂತಿತು. ಸ್ಟಾರ್ಟರಿನ ಹಗ್ಗವನ್ನು ಎಳೆದರೆ ಕದಲಲಿಲ್ಲ. ಮೆಕ್ಯಾನಿಕ್ಕುಗಳ ಮಾತಿನಲ್ಲಿ ಹೇಳುವುದಾದರೆ ಎಂಜಿನ್ನು ‘ಸೀಜ್’ ಆಗಿತ್ತು, ಎಂದರೆ ಪಿಸ್ಟನ್ನು ಕಾದು ಹಿಗ್ಗಿ ಸಿಲಿಂಡರಿಗೆ ಹಿಡಿದುಕೊಂಡಿತ್ತು. ಇದೇ ಕಾರಣಕ್ಕಾಗಿ ಹತ್ತು ದಿನಗಳ ಹಿಂದೆಯಷ್ಟೇ ಅದಕ್ಕೆ ಹೊಸ ಪಿಸ್ಟನ್ನು ಹಾಕಿಸಲಾಗಿತ್ತು. ಅರ್ಧ ಕೊಯ್ದ ಮರವು ಕೊಯ್ಯದ ಮರಕ್ಕಿಂತ ಅಪಾಯಕರ. ಅದು ಯಾವಾಗ ಎತ್ತ ಬೀಳುವುದೆಂದು ಯಾರೂ ಹೇಳಲಾರರು. ಆ ರಾತ್ರಿ ಗಾಳಿ ಎದ್ದಿತು. ಲೈನು ಮನೆಗಳಿಗೆ ಹೋಗುವ ದಾರಿಗೆ ಅಡ್ಡಲಾಗಿ ಬಿದಿರು ಕಟ್ಟಿ, ಇಬ್ಬರು ಆಳುಗಳು ದೂರದಲ್ಲಿ ಕುಳಿತು ಬೆಳಗಿನ ತನಕ ಕಾವಲಿದ್ದರು. ಮರುದಿನ ಬೇರೊಂದು ಗರಗಸ ತರಿಸಿ ಮರವನ್ನು ಕೆಡವಿದ್ದಾಯಿತು. ಅಲ್ಲಿಂದ ಮುಂದೆ ಈ ಎಂಜಿನ್ನನ್ನು, ಬಲ್ಲ ಮಿತ್ರರೊಬ್ಬರ ನೆರವಿನಿಂದ, ನಾವೇ ಬಿಚ್ಚಲು ನಿಶ್ಚಯಿಸಿದೆವು.

ಈ ಎಂಜಿನ್ನಿನ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. ಎರಡು ಹೊಡೆತದ ತತ್ತ್ವದ ಮೇಲೆ ಕೆಲಸಮಾಡುವ ಎಂಜಿನ್ನಿಗೆ ಸ್ಕಾಟ್ಲೆಂಡಿನ ಡ್ಯೂಗಲ್ಡ್ ಕ್ಲರ್ಕನು 1881ರಲ್ಲಿ ಪೇಟೆಂಟು ಪಡೆದನು. ಆದರೆ ಅವನ ಎಂಜಿನ್ನಿನಲ್ಲಿ ಗಾಳಿ-ಇಂಧನಗಳ ಮಿಶ್ರಣವನ್ನು ಒಳಕ್ಕೆ ತಳ್ಳಲು ಪ್ರತ್ಯೇಕವಾದ ಇನ್ನೊಂದು ಸಿಲಿಂಡರು ಬೇಕಾಗಿತ್ತು. ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ಎಂಬಾತನು ಕ್ರ್ಯಾಂಕು ತಿರುಗುವ ಕೆಳಗಿನ ಪೆಟ್ಟಿಗೆಯನ್ನೇ ಪಂಪಿನಂತೆ ಬಳಸುವ ಉಪಾಯವನ್ನು ಕಂಡುಕೊಂಡನು. ಅವನ ಪೇಟೆಂಟು 1891ರದು. ಅವನ ಕಾರ್ಯಾಗಾರದ ಫ್ರೆಡರಿಕ್ ಕಾಕನು 1892ರಲ್ಲಿ ಇದನ್ನು ತಿದ್ದಿ, ಒಳದಾರಿಯನ್ನು ತೆರೆಯುವ ಮತ್ತು ಮುಚ್ಚುವ ಕೆಲಸವನ್ನೂ ಪಿಸ್ಟನ್ನಿಗೇ ಒಪ್ಪಿಸಿದನು. ಜರ್ಮನಿಯಲ್ಲಿ ಎಮಿಲ್ ಲೆರ್ಪ್ ಮತ್ತು ಆಂಡ್ರಿಯಾಸ್ ಸ್ಟಿಲ್ ಎಂಬವರು 1920ರ ದಶಕದ ಕೊನೆಯಲ್ಲಿ ಪೆಟ್ರೋಲು ಎಂಜಿನ್ನಿನ ಗರಗಸಗಳನ್ನು ತಯಾರಿಸಿದರು. ಅವನ್ನು ಹಿಡಿಯಲು ಇಬ್ಬರು ಬೇಕಾಗುತ್ತಿತ್ತು. ಹಗುರ ಲೋಹಗಳೂ, ಯಾವ ಕಡೆಗೆ ಓರೆಮಾಡಿದರೂ ಕೆಲಸಮಾಡುವ ಪೊರೆಯ ಕಾರ್ಬುರೇಟರೂ ಬಂದ ಮೇಲೆ ಗರಗಸವು ಒಬ್ಬಾಳಿನ ಉಪಕರಣವಾಯಿತು. ನಮ್ಮ ನಾಡಿನಲ್ಲಿ ಈ ಬಗೆಯ ಎಂಜಿನ್ನು ಮನೆಮಾತಾದದ್ದು ಮೋಟಾರ್ ಸೈಕಲ್ಲಿನ ಮೂಲಕ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳದು ಇದೇ ತತ್ತ್ವ.

ಡೇ ಮತ್ತು ಕಾಕರ ಈ ಉಪಾಯದಲ್ಲಿಯೇ ಎಂಜಿನ್ನಿನ ಶಕ್ತಿಯೂ ದೌರ್ಬಲ್ಯವೂ ಅಡಗಿವೆ. ಪಿಸ್ಟನ್ನು ಮೇಲಕ್ಕೆ ಹೋಗುವಾಗ ತನ್ನ ಮೇಲಿರುವ ಮಿಶ್ರಣವನ್ನು ಒತ್ತುತ್ತದೆ. ಅದೇ ವೇಳೆಗೆ ಕೆಳಗಿನ ಪೆಟ್ಟಿಗೆಯಲ್ಲಿ ಒತ್ತಡವು ಇಳಿದು, ಹೊಸ ಮಿಶ್ರಣವು ಕಾರ್ಬುರೇಟರಿನಿಂದ ಒಳಕ್ಕೆ ಸೆಳೆಯಲ್ಪಡುತ್ತದೆ. ಪ್ಲಗ್ಗಿನ ಕಿಡಿಯಿಂದ ದಹನವಾಗಿ ಪಿಸ್ಟನ್ನು ಕೆಳಕ್ಕೆ ಬರುವಾಗ ಮೊದಲು ಹೊಗೆಯ ದಾರಿಯೂ ಬಳಿಕ ಪೆಟ್ಟಿಗೆಯಿಂದ ಮೇಲಕ್ಕೆ ಬರುವ ದಾರಿಗಳೂ ತೆರೆದುಕೊಳ್ಳುತ್ತವೆ. ಹೀಗೆ ಕ್ರ್ಯಾಂಕಿನ ಪ್ರತಿಯೊಂದು ಸುತ್ತಿಗೂ ಒಂದು ದಹನ. ನಿಮಿಷಕ್ಕೆ 12,000 ಸುತ್ತು ತಿರುಗುವ ಗರಗಸದಲ್ಲಿ ಸೆಕೆಂಡಿಗೆ 200 ದಹನಗಳು. ಒಳಭಾಗಗಳಿಗೆ ಪ್ರತ್ಯೇಕವಾದ ಎಣ್ಣೆಯ ತೊಟ್ಟಿ ಇಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಎಲ್ಲವನ್ನೂ ನಯವಾಗಿಡಬೇಕು. ಆದುದರಿಂದ ಕೆಳಗಿನ ಪೆಟ್ಟಿಗೆಗೆ ಎಲ್ಲಿಂದಲಾದರೂ ಬರಿಯ ಗಾಳಿ ನುಸುಳಿತೆಂದರೆ ಎರಡು ಕೇಡುಗಳು ಒಟ್ಟಿಗೆ ಒದಗುತ್ತವೆ: ಇಂಧನವು ತೆಳುವಾಗಿ ಕಾವು ಏರುತ್ತದೆ, ಅದರೊಡನೆ ಎಣ್ಣೆಯೂ ಕಡಿಮೆಯಾಗುತ್ತದೆ.

ಬಿಚ್ಚುವ ಕೆಲಸದ ಮೊದಲ ನಿಯಮವೆಂದರೆ, ನೋಡುವುದಕ್ಕೆ ಮುಂಚೆ ಏನನ್ನೂ ಒರೆಸಬಾರದು. ಹೊಗೆಯ ಡಬ್ಬಿಯನ್ನು ತೆಗೆದು ಆ ರಂಧ್ರದ ಮೂಲಕ ಪಿಸ್ಟನ್ನನ್ನು ನೋಡಿದರೇ ಎಷ್ಟೋ ವಿಷಯ ತಿಳಿಯುತ್ತದೆ. ಸುತ್ತಲೂ ಗೀರುಗಳಿದ್ದರೆ ಎಣ್ಣೆ ಬೆರೆಸದ ಪೆಟ್ರೋಲನ್ನು ಹಾಕಿರುವ ಶಂಕೆ ಬಲವಾಗುತ್ತದೆ. ಗಾಳಿಯ ದಾರಿಯ ಬದಿಯಲ್ಲಿ ಮಾತ್ರ ಮಂಕಾದ ಸವೆತವಿದ್ದರೆ ಹರಿದ ಅಥವಾ ಸರಿಯಾಗಿ ಕೂರದ ಫಿಲ್ಟರಿನಿಂದ ಧೂಳು ಒಳಹೋಗಿರುವುದು ಸಂಭವ. ಹೊಗೆಯ ದಾರಿಯ ಬದಿಯಲ್ಲಿ ಉದ್ದನೆಯ ಗೀರುಗಳಿದ್ದರೆ ಅತಿಯಾದ ಕಾವು, ಅಂದರೆ ತೆಳುವಾದ ಮಿಶ್ರಣ, ಸೂಚಿತವಾಗುತ್ತದೆ. ಅತ್ಯಂತ ಬಿಸಿಯಾಗುವುದು ಆ ಬದಿಯೇ. ನಮ್ಮ ಪಿಸ್ಟನ್ನಿನ ಗೀರುಗಳು ಈ ಕಡೆಯ ಬಗೆಯವು. ಹಿಂದಿನ ಸಲ ತೆಗೆದ ಪಿಸ್ಟನ್ನು ಅದೃಷ್ಟವಶಾತ್ ಗುಜರಿ ಡಬ್ಬದಲ್ಲಿ ಉಳಿದಿತ್ತು. ಎರಡನ್ನೂ ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಗಾಯಗಳು ಒಂದೇ ಬದಿಯಲ್ಲಿ ಒಂದೇ ಬಗೆಯಾಗಿದ್ದುವು. ಹಳೆಯ ಕಾರಣವು ಹೊಸ ಪಿಸ್ಟನ್ನನ್ನೂ ತಿಂದಿತ್ತು.

ಗುರುತುಗಳ ಜೊತೆಗೆ ಸಾಕ್ಷಿಯೂ ಬೇಕು. ಗರಗಸ ಹಿಡಿಯುತ್ತಿದ್ದ ಆಳನ್ನು ವಿಚಾರಿಸಿದಾಗ, “ಕೈ ಬಿಟ್ಟರೂ ಮಷೀನು ಬೇಗ ಇಳೀತಿರಲಿಲ್ಲ ಸಾರ್, ತಾನಾಗೇ ಕೂಗ್ತಿತ್ತು” ಎಂದನು. ಎಂಜಿನ್ನಿನ ವೇಗವು ಹೀಗೆ ತಾನಾಗಿ ಏರುವುದು ಗಾಳಿ ನುಸುಳುವಿಕೆಯ ಸ್ಪಷ್ಟ ಲಕ್ಷಣ. ಹಿಂದಿನ ದುರಸ್ತಿಯ ಕಾಲದಲ್ಲಿ ಅವನನ್ನು ಯಾರೂ ಕೇಳಿರಲಿಲ್ಲ.

ಬಿಚ್ಚುವಾಗ ಕ್ಲಚ್ಚನ್ನು ತೆಗೆಯಲು ಪಿಸ್ಟನ್ನನ್ನು ತಡೆದು ನಿಲ್ಲಿಸಬೇಕು. ಇದಕ್ಕೆ ಕಬ್ಬಿಣದ ತುಂಡನ್ನು ಬಳಸದೆ, ಪ್ಲಗ್ಗಿನ ರಂಧ್ರದಿಂದ ಮೆತ್ತನೆಯ ಹಗ್ಗವನ್ನು ತುಂಬುವುದು ಕ್ಷೇಮ. ಬಹುಪಾಲು ಗರಗಸಗಳಲ್ಲಿ ಕ್ಲಚ್ಚಿನ ಮರೆಯು ಎಡಗೈ ಮರೆ, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದು; ಇದನ್ನು ಮರೆತು ಮುರಿದವರು ಬಹಳ ಮಂದಿ. ಸಿಲಿಂಡರನ್ನು ಎತ್ತಿದ ಮೇಲೆ ಕನೆಕ್ಟಿಂಗ್ ರಾಡನ್ನು ಹಿಡಿದು ನೋಡಬೇಕು. ಪಕ್ಕಕ್ಕೆ ಸ್ವಲ್ಪ ಸರಿದಾಡುವುದು ಸಹಜ. ಮೇಲಕ್ಕೂ ಕೆಳಕ್ಕೂ ಆಡಿದರೆ ಕೆಳಗಿನ ಬೇರಿಂಗು ಸವೆದಿದೆಯೆಂದೇ ಅರ್ಥ, ಮತ್ತು ಕ್ರ್ಯಾಂಕನ್ನು ಬದಲಿಸದೆ ಗತ್ಯಂತರವಿಲ್ಲ.

ಗರಗಸದ ಸಿಲಿಂಡರು ಅಲ್ಯುಮಿನಿಯಂನದು. ಅದರ ಒಳಮೈಗೆ ಕ್ರೋಮಿಯಂ ಅಥವಾ ನಿಕ್ಕಲ್ಲಿನ ಗಟ್ಟಿಯಾದ ತೆಳು ಲೇಪ ಇರುತ್ತದೆ. ಸೀಜ್ ಆದಾಗ ಗಾಯದಂತೆ ಕಾಣುವುದು ಅನೇಕವೇಳೆ ಲೇಪದ ಮೇಲೆ ಅಂಟಿಕೊಂಡ ಪಿಸ್ಟನ್ನಿನ ಅಲ್ಯುಮಿನಿಯಂ. ನಿಕ್ಕಲ್ ಲೇಪವಿದ್ದ ನಮ್ಮ ಸಿಲಿಂಡರಿನ ಆ ಭಾಗಕ್ಕೆ ಮಾತ್ರ ಕಾಸ್ಟಿಕ್ ಸೋಡದ ದ್ರಾವಣವನ್ನು ಹತ್ತಿಯ ಕಡ್ಡಿಯಿಂದ ಸವರಿದೆವು. ಅಂಟಿದ ಲೋಹವು ನೊರೆಗಟ್ಟಿ ಕರಗಿತು, ಲೇಪ ಉಳಿಯಿತು. ಈ ಕೆಲಸವನ್ನು ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ ಮಾಡತಕ್ಕದ್ದು. ಹೊರಡುವ ಅನಿಲ ಜಲಜನಕವಾದುದರಿಂದ ಬೆಂಕಿ ಹತ್ತಿರವಿರಕೂಡದು. ರಂಧ್ರಗಳ ಒಳಗಿನ ಬರಿಯ ಅಲ್ಯುಮಿನಿಯಂಗೆ ದ್ರಾವಣವು ತಾಗದಂತೆ ನೋಡಿಕೊಂಡು, ಕೊನೆಗೆ ನೀರಿನಿಂದ ಚೆನ್ನಾಗಿ ತೊಳೆಯಬೇಕು. ಲೇಪವೇ ಎದ್ದುಹೋಗಿದ್ದರೆ ಸಿಲಿಂಡರನ್ನು ಬದಲಿಸುವುದೇ ಸರಿ.

ಇನ್ನು ನಿರ್ಣಾಯಕವಾದ ಪರೀಕ್ಷೆ. ಸಿಲಿಂಡರನ್ನು ತಾತ್ಕಾಲಿಕವಾಗಿ ಕೂರಿಸಿ, ಹೊಗೆಯ ದಾರಿಯನ್ನೂ ಕಾರ್ಬುರೇಟರಿನ ದಾರಿಯನ್ನೂ ರಬ್ಬರಿನ ಹಾಳೆಯಿಂದ ಮುಚ್ಚಿ, ಮಾಪಕವಿರುವ ಕೈಪಂಪಿನಿಂದ ಸುಮಾರು 0.5 ಬಾರ್ ಒತ್ತಡದ ಗಾಳಿಯನ್ನು ತುಂಬಬೇಕು; ಮುಳ್ಳು ಇಳಿಯಬಾರದು. ನಮ್ಮ ಎಂಜಿನ್ನಿನಲ್ಲಿ ಮುಳ್ಳು ಇಳಿಯಲಿಲ್ಲ. ಸಾಬೂನು ನೀರು ಸವರಿದರೂ ಎಲ್ಲಿಯೂ ಗುಳ್ಳೆ ಏಳಲಿಲ್ಲ. ಗಾಳಿ ನುಸುಳುವ ಊಹೆಯೇ ತಪ್ಪೆಂದು ಕೈಬಿಡುವುದರಲ್ಲಿದ್ದೆವು. ಆದರೆ ಪೆಟ್ಟಿಗೆಯಲ್ಲಿ ಒತ್ತಡದಂತೆ ನಿರ್ವಾತವೂ ಉಂಟಾಗುವುದಷ್ಟೆ. ಪಂಪನ್ನು ತಿರುವುಮುರುವು ಮಾಡಿ ಗಾಳಿಯನ್ನು ಹೊರಕ್ಕೆ ಎಳೆದಾಗ ಮುಳ್ಳು ಕೂಡಲೇ ಹಿಂದಕ್ಕೆ ಬಂದಿತು. ಫ್ಲೈವೀಲಿನ ಬದಿಯ ಆಯಿಲ್ ಸೀಲಿನ ಸುತ್ತ ಒಂದು ತೊಟ್ಟು ಎಣ್ಣೆ ಬಿಟ್ಟರೆ ಅದು ಒಳಕ್ಕೆ ಹೀರಿಹೋಯಿತು. ಒಳಗಿನ ಒತ್ತಡವು ಸೀಲಿನ ತುಟಿಯನ್ನು ದಂಡಕ್ಕೆ ಅದುಮುವುದರಿಂದ ಸವೆದ ಸೀಲು ಒತ್ತಡವನ್ನು ತಡೆಯಬಲ್ಲುದು. ನಿರ್ವಾತವು ಅದೇ ತುಟಿಯನ್ನು ಸಡಿಲಿಸುತ್ತದೆ. ಒಂದೇ ಬದಿಯ ಪರೀಕ್ಷೆಯಿಂದ ತೀರ್ಮಾನಕ್ಕೆ ಬಂದಿದ್ದರೆ ಮೂರನೆಯ ಪಿಸ್ಟನ್ನೂ ಗುಜರಿಗೆ ಸೇರುತ್ತಿತ್ತು.

ಎರಡೂ ಬದಿಯ ಸೀಲುಗಳನ್ನು ಬದಲಿಸಿ ಜೋಡಣೆಗೆ ತೊಡಗಿದೆವು. ಪಿಸ್ಟನ್ನಿನ ತಲೆಯ ಮೇಲಿನ ಬಾಣವು ಹೊಗೆಯ ದಾರಿಯ ಕಡೆಗಿರಬೇಕು. ರಿಂಗಿನ ತುದಿಗಳು ತೋಡಿನಲ್ಲಿರುವ ಸಣ್ಣ ಮೊಳೆಯ ಇಕ್ಕೆಲಗಳಲ್ಲಿ ಕೂರಬೇಕು. ಇಲ್ಲವಾದರೆ ರಂಧ್ರಕ್ಕೆ ಸಿಕ್ಕಿ ಮುರಿಯುತ್ತವೆ. ಪಿನ್ನನ್ನು ಹಿಡಿದಿಡುವ ಸರ್ಕ್ಲಿಪ್ಪುಗಳು ಹೊಸವೇ ಆಗಿರಬೇಕು. ಎಲ್ಲಕ್ಕೂ ಎಣ್ಣೆ ಸವರಿ, ರಿಂಗನ್ನು ಅದುಮಿ, ಸಿಲಿಂಡರನ್ನು ತಿರುಚದೆ ನೇರವಾಗಿ ಇಳಿಸಿ, ಬೋಲ್ಟುಗಳನ್ನು ಕರ್ಣಾಕಾರವಾಗಿ ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಬಳಿಕ ಎರಡೂ ಪರೀಕ್ಷೆಗಳನ್ನು ಪುನಃ ಮಾಡಿ ನೋಡತಕ್ಕದ್ದು. ಕಾರ್ಬುರೇಟರಿನ ಗಡುಸಾದ ಪೊರೆಯನ್ನೂ ಇಂಧನದ ಕೊಳವೆಯನ್ನೂ ಬದಲಿಸಿದೆವು. ಈಗಿನ ಪೆಟ್ರೋಲಿನಲ್ಲಿರುವ ಎಥನಾಲು ತೇವವನ್ನು ಹೀರುವುದರಿಂದ, ಬೆರೆಸಿದ ಇಂಧನವನ್ನು ತಿಂಗಳುಗಟ್ಟಲೆ ಇಡುವುದು ಯೋಗ್ಯವಲ್ಲ. ನಮ್ಮ ಗರಗಸಕ್ಕೆ ವಿಧಿಸಿದ ಪ್ರಮಾಣ 50ಕ್ಕೆ 1, ಅಂದರೆ ಲೀಟರು ಪೆಟ್ರೋಲಿಗೆ 20 ಮಿಲಿಲೀಟರು ಎಣ್ಣೆ. ಮಿಶ್ರಣದ ತಿರುಪುಗಳನ್ನು ಮೊದಮೊದಲು ಇಂಧನ ತುಸು ಹೆಚ್ಚಾಗುವಂತೆಯೇ ಇಟ್ಟು, ವೇಗಮಾಪಕದಿಂದ ನೋಡಿ, ತಯಾರಕರು ವಿಧಿಸಿದ ಮಿತಿಯನ್ನು ಮೀರದಂತೆ ಹೊಂದಿಸಿದೆವು. ಸರಪಳಿಯ ಬ್ರೇಕನ್ನು ಪರೀಕ್ಷಿಸಿದ ಬಳಿಕವೇ ಗರಗಸವನ್ನು ಕೆಲಸಕ್ಕೆ ಕೊಟ್ಟದ್ದು.

ಮೇಲೆ ಹೇಳಿದ ದುರಸ್ತಿಯಲ್ಲಿ ಮೂಲಕಾರಣವಾಗಿದ್ದ ಭಾಗವು ಎಲ್ಲಕ್ಕಿಂತ ಅಗ್ಗವಾದುದು: ಬೆರಳಿನಲ್ಲಿ ಧರಿಸಬಹುದಾದಷ್ಟು ಚಿಕ್ಕ ರಬ್ಬರಿನ ಬಳೆ. ಮೊದಲು ದುರಸ್ತಿಮಾಡಿದವರು ಕೌಶಲವಿಲ್ಲದವರೇನೂ ಅಲ್ಲ. ಅವರ ಜೋಡಣೆ ಅಚ್ಚುಕಟ್ಟಾಗಿಯೇ ಇತ್ತು. ಪರಿಣಾಮವನ್ನೇ ಕಾರಣವೆಂದು ತಿಳಿದದ್ದು ಅವರ ದೋಷ. ಸಾಮ್ರಾಜ್ಯಗಳ ಪತನವನ್ನು ಬೋಧಿಸುವಾಗ ಕೊನೆಯ ಯುದ್ಧವನ್ನೇ ಪತನದ ಕಾರಣವೆಂದು ಬರೆಸಿಬಿಡುವ ನಾವೂ ಅನೇಕವೇಳೆ ಇದನ್ನೇ ಮಾಡುತ್ತೇವೆ. ನಮ್ಮ ತಪ್ಪು ವಿದ್ಯಾರ್ಥಿಯ ಉತ್ತರ ಪತ್ರಿಕೆಯಲ್ಲಿಯೇ ಉಳಿದುಬಿಡುತ್ತದೆ; ಎಂಜಿನ್ನಿನಲ್ಲಾದರೋ ಅದು ಹತ್ತು ದಿನಗಳಲ್ಲಿ, ಅರ್ಧ ಕೊಯ್ದ ಮರದ ಕೆಳಗೆ, ಹೊರಬೀಳುತ್ತದೆ. ಆ ಗರಗಸವು ಈಗ ಎರಡನೆಯ ಮಳೆಗಾಲವನ್ನು ಕಳೆದಿದೆ. ಗೀರುಬಿದ್ದ ಎರಡು ಪಿಸ್ಟನ್ನುಗಳನ್ನು ನಾನು ಕಾಲೇಜಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಆಧಾರಗಳ ಪರಿಶೀಲನೆಯನ್ನು ಕುರಿತ ಪಾಠದ ದಿನ ಅವು ತರಗತಿಯಲ್ಲಿ ಕೈಯಿಂದ ಕೈಗೆ ಹೋಗುತ್ತವೆ.