ಥೇಮ್ಸ್ ದಂಡೆಯಲ್ಲಿ ಮೈಸೂರಿನ ಶ್ರುತಿ

ಲಿಫ್ಟಿನ ಬಾಗಿಲು ಮುಚ್ಚಿತು. ಮೇಲೇರತೊಡಗಿದಂತೆ ತಲೆಯ ಮೇಲಿನಿಂದ ಗಾಯಕವೃಂದದ ದನಿ ಎದ್ದಿತು. ಮೊದಲು ಗಂಡಸರ ಮಂದ್ರ, ಮಹಡಿ ಮಹಡಿಗೂ ಒಂದಿಷ್ಟು ಏರುತ್ತ ಹೋಗಿ ಕೊನೆಗೆ ಹೆಂಗಸರ ತಾರಸ್ಥಾಯಿ. ಇಳಿಯುವಾಗ ಸ್ವರಗಳೂ ಜೊತೆಯಲ್ಲೇ ಇಳಿದವು. ನಮ್ಮಲ್ಲಿ ಸಂಗೀತದ ಪಾಠಕ್ಕೆ ಹೋಗುವ ಯಾವ ಮಗುವಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ: ಆರೋಹಣ, ಅವರೋಹಣ. ಬ್ರಿಟಿಷ್ ಕಲಾವಿದ ಮಾರ್ಟಿನ್ ಕ್ರೀಡ್ ರಚಿಸಿದ ಕೃತಿ ಇದು. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನ ಗಾಜಿನ ಲಿಫ್ಟಿನಲ್ಲಿ ಯಾರು ಬೇಕಾದರೂ ಕೇಳಬಹುದು. ನಾನು ಮೂರು ಸಲ ಹತ್ತಿ ಇಳಿದೆ. ಮೂರನೆಯ ಸಲ ಜೊತೆಗಿದ್ದ ಪುಟ್ಟ ಹುಡುಗಿಯೊಬ್ಬಳು ಕೊನೆಯ ಸ್ವರಕ್ಕೆ ತನ್ನದೂ ಒಂದು ಸೇರಿಸಿದಳು.

ಬೆಳಿಗ್ಗೆ ಲ್ಯಾಂಬೆತ್ ಸೇತುವೆಯ ಬಳಿ ಬಸವಣ್ಣನ ಪ್ರತಿಮೆ ನೋಡಿ, ಅಲ್ಲಿಂದ ನದಿಯ ಅಂಚು ಹಿಡಿದು ನಡೆದೇ ಬಂದಿದ್ದೆ. 2015ರ ನವೆಂಬರಿನಲ್ಲಿ ಅನಾವರಣಗೊಂಡ ಪ್ರತಿಮೆ ಅದು; ಆಚೆ ದಡದಲ್ಲಿ ಬ್ರಿಟನ್ನಿನ ಸಂಸತ್ತು. ದಾರಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ತುದಿಗೆ ಬಿಳಿಯ ಸಿಂಹವೊಂದು ನಿಂತಿದೆ. ಈಗ ಫೆಸ್ಟಿವಲ್ ಹಾಲ್ ಇರುವ ಜಾಗದಲ್ಲಿ ಹಿಂದೆ ಬಿಯರ್ ತಯಾರಿಸುವ ಕಾರ್ಖಾನೆಯೊಂದಿತ್ತು, ಲಯನ್ ಬ್ರೂವರಿ ಎಂದು. ಸಿಂಹ ಅದರದು. ಕಾರ್ಖಾನೆ ಹೋಯಿತು, ಸಿಂಹ ಉಳಿಯಿತು.

ಹಾಲ್ ಬಾಗಿಲು ತೆರೆದದ್ದು 1951ರ ಮೇ 3ರಂದು. ಯುದ್ಧ ಮುಗಿದು ಆರು ವರ್ಷವಾಗಿದ್ದರೂ ಸಕ್ಕರೆಗೆ, ಮಾಂಸಕ್ಕೆ ಇನ್ನೂ ರೇಷನ್ ಇದ್ದ ಕಾಲ. ಬಾಂಬಿಗೆ ಸಿಕ್ಕಿ ಹಾಳುಬಿದ್ದಿದ್ದ ಈ ದಂಡೆಯಲ್ಲಿ ಸರ್ಕಾರ 'ಫೆಸ್ಟಿವಲ್ ಆಫ್ ಬ್ರಿಟನ್' ಎಂಬ ಬೇಸಿಗೆಯ ಉತ್ಸವ ನಡೆಸಿತು. ಜಾತ್ರೆ ಮುಗಿದ ಮೇಲೆ, ಅದೇ ವರ್ಷ ಚರ್ಚಿಲ್ ಸರ್ಕಾರ ಬಂದದ್ದೇ, ಉಳಿದ ಮಂಟಪಗಳಲ್ಲಿ ಬಹುಪಾಲನ್ನು ಕೆಡವಿಸಿತು. ಶಾಶ್ವತವಾಗಿ ನಿಲ್ಲಲೆಂದೇ ಕಟ್ಟಿದ್ದ ಈ ಹಾಲ್ ಮಾತ್ರ ನಿಂತಿತು. ಹೊಟ್ಟೆಗೆ ಅಳೆದು ಕೊಡುತ್ತಿದ್ದ ದಿನಗಳಲ್ಲಿ ಒಂದು ಊರು ತನ್ನ ಜನರ ಕಿವಿಗೆಂದು ಇಷ್ಟು ದೊಡ್ಡ ಮನೆ ಕಟ್ಟಿಸಿತಲ್ಲ, ಆ ಮನಸ್ಸಿನ ಮೇಲೆ ನನಗೆ ತುಂಬ ಗೌರವ. 1988ರಲ್ಲಿ ಇದನ್ನು ಮೊದಲ ದರ್ಜೆಯ ಸಂರಕ್ಷಿತ ಕಟ್ಟಡವೆಂದು ಘೋಷಿಸಿದರು. ಯುದ್ಧಾನಂತರದ ಕಟ್ಟಡವೊಂದಕ್ಕೆ ಆ ಮಾನ ಸಿಕ್ಕಿದ್ದು ಅದೇ ಮೊದಲು.

ನನ್ನನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಸಭಾಂಗಣಕ್ಕಿಂತ ಅದರ ಹೊರಗಿನ ಪಡಸಾಲೆಗಳು. 1983ರವರೆಗೆ ಇಲ್ಲಿ ಕಛೇರಿಯ ಹೊತ್ತಿಗಷ್ಟೇ ಬಾಗಿಲು ತೆಗೆಯುತ್ತಿದ್ದರು. ಆ ವರ್ಷ ನಗರದ ಆಡಳಿತ ಹಗಲೆಲ್ಲ ತೆರೆದಿಡಬೇಕೆಂದು ತೀರ್ಮಾನಿಸಿತು. ನಾನು ಹೋದ ಮಧ್ಯಾಹ್ನ ಒಂದು ಮೇಜಿನಲ್ಲಿ ಹುಡುಗರು ಪರೀಕ್ಷೆಗೆ ಓದುತ್ತಿದ್ದರು. ಕಿಟಕಿಯ ಬದಿಯಲ್ಲಿ ಅಜ್ಜಿಯೊಬ್ಬರು ಮನೆಯಿಂದ ತಂದ ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಹೆಣಿಗೆ ಹಾಕುತ್ತಿದ್ದರು. ಮೂಲೆಯಲ್ಲಿ ನಾಲ್ಕೈದು ಮಂದಿ ಯಾವುದೋ ನೃತ್ಯದ ಹೆಜ್ಜೆ ಕೂಡಿಸಿಕೊಳ್ಳುತ್ತಿದ್ದರು. ಏನು ತಗೊಳ್ತೀರಿ ಎಂದು ಯಾರೂ ಬಂದು ಕೇಳಲಿಲ್ಲ, ಏಳಿ ಎನ್ನಲಿಲ್ಲ. ಐದನೆಯ ಮಹಡಿಯಲ್ಲಿ ಕಾವ್ಯಕ್ಕೇ ಮೀಸಲಾದ ಗ್ರಂಥಾಲಯವಿದೆ, 1953ರಲ್ಲಿ ಶುರುವಾದದ್ದು. ಅಲ್ಲಿಗೂ ಪ್ರವೇಶ ಉಚಿತ. ನಮ್ಮ ಸಭಾಂಗಣಗಳು ಕಾರ್ಯಕ್ರಮವಿಲ್ಲದ ಹೊತ್ತಿನಲ್ಲಿ ಬೀಗ ಹಾಕಿಕೊಂಡು ಬಿಸಿಲು ಕಾಯುತ್ತಿರುವುದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಹಳೆಯ ಮನೆಗಳಿಗೆ ಜಗಲಿ ಇತ್ತು. ದಾರಿಹೋಕ ಯಾರನ್ನೂ ಕೇಳದೆ ಕುಳಿತು ದಣಿವಾರಿಸಿಕೊಂಡು ಹೋಗುತ್ತಿದ್ದ. ಈ ಪಡಸಾಲೆ ಅಂಥ ಜಗಲಿ.

ಕಿಟಕಿಯಿಂದ ಎಡಕ್ಕೆ ನೋಡಿದರೆ ಹಂಗರ್‌ಫರ್ಡ್ ರೈಲು ಸೇತುವೆ. ಚೇರಿಂಗ್ ಕ್ರಾಸ್ ನಿಲ್ದಾಣಕ್ಕೆ ಹೋಗಿಬರುವ ಗಾಡಿಗಳು ಅದರ ಮೇಲೆ ಎಡೆಬಿಡದೆ ಓಡುತ್ತಿರುತ್ತವೆ. ಇಷ್ಟು ಹತ್ತಿರ ಸಂಗೀತದ ಮನೆ ಕಟ್ಟುವುದು ಹೇಗೆ? ವಾಸ್ತುಶಿಲ್ಪಿ ಲೆಸ್ಲಿ ಮಾರ್ಟಿನ್ ಮತ್ತು ಸಂಗಡಿಗರು ಸಭಾಂಗಣವನ್ನು ನೆಲದಿಂದ ಎತ್ತಿ ಕಂಬಗಳ ಮೇಲಿಟ್ಟರು, ಸುತ್ತಲೂ ಪಡಸಾಲೆ, ಮೆಟ್ಟಿಲುಗಳನ್ನು ಹೊದಿಸಿದರು. ಪೆಟ್ಟಿಗೆಯೊಳಗೊಂದು ಮೊಟ್ಟೆ ಎಂದು ಈಗಲೂ ವರ್ಣಿಸುತ್ತಾರೆ. ಜಗಲಿ ಸಿಕ್ಕಿದ್ದು ಹೀಗೆ. ಗದ್ದಲವನ್ನು ದೂರ ಇಡಲು ಬಿಟ್ಟ ಜಾಗವೇ ಜನರಿಗೆ ಕೂರುವ ಜಾಗವಾಯಿತು.

ಒಳಗಿನ ನಾದದ ಕಥೆ ಅಷ್ಟು ಸಲೀಸಲ್ಲ. ಕಟ್ಟಿದಾಗ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು, ಆದರೆ ಅನುರಣನ ಸಾಲದು, ನಾದ ಒಣಗಿದಂತಿದೆ ಎಂದು ವಾದಕರು ಕೊರಗಿದರು. 1960ರ ದಶಕದಲ್ಲಿ ಎಂಜಿನಿಯರುಗಳು ಚಾವಣಿಯಲ್ಲಿ ಮೈಕು, ಸ್ಪೀಕರುಗಳನ್ನು ಅಡಗಿಸಿಟ್ಟು ಅನುರಣನವನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿದರು, ಅದೂ ಮೊದಮೊದಲು ಯಾರಿಗೂ ಹೇಳದೆ. 2005ರಿಂದ ಎರಡು ವರ್ಷ ಬಾಗಿಲು ಮುಚ್ಚಿ ದುರಸ್ತಿ ಮಾಡಿದಾಗಲೇ ಗೋಡೆ, ವೇದಿಕೆ, ಚಾವಣಿಗಳನ್ನೇ ತಿದ್ದಿ ನಾದಕ್ಕೆ ಒಂದು ನೆಲೆ ಕಾಣಿಸಿದ್ದು.

ಆ ಸಂಜೆ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದ ಕಛೇರಿ. ನನ್ನ ಸೀಟು ವಾದ್ಯಗಾರರ ಬೆನ್ನ ಹಿಂದೆ, ಆರ್ಗನ್ನಿನ ಕೊಳವೆಗಳ ಕೆಳಗೆ. ಎದುರಿಗೆ ಸುಮಾರು 2,700 ಜನ ಕೂರುವ ಸಭಾಂಗಣ. ಪಕ್ಕದ ಗೋಡೆಗಳಲ್ಲಿ, ಅರ್ಧ ಎಳೆದು ಬಿಟ್ಟ ಬೀರುವಿನ ಡ್ರಾಯರುಗಳಂತೆ ಸಾಲು ಸಾಲು ಬಾಕ್ಸುಗಳು. ಓಬೋ ವಾದಕಿ ಒಂದು ಸ್ವರ ಹಿಡಿದಳು. ಎಲ್ಲರೂ ಅದಕ್ಕೆ ತಮ್ಮ ವಾದ್ಯ ಕೂಡಿಸಿಕೊಂಡರು, ಓಬೋ ನಿಂತಿತು. ತಂಬೂರಿಯ ಜೊತೆ ಬೆಳೆದ ನನಗೆ ಆ ನಿಲುಗಡೆ ಒಂದು ಕ್ಷಣ ಖಾಲಿ ಖಾಲಿ ಎನಿಸಿತು. ಇನ್ನು ಮೇಲೆ ಶ್ರುತಿಯನ್ನು ಪ್ರತಿಯೊಬ್ಬರೂ ಒಳಗೇ ಹೊತ್ತು ನಡೆಯಬೇಕು.

ಕೆಳಗೇ ಟಿಂಪನಿ ಎಂಬ ದೊಡ್ಡ ನಗಾರಿಗಳ ವಾದಕ. ಉಳಿದವರೆಲ್ಲ ಭರದಿಂದ ನುಡಿಸುತ್ತಿದ್ದಾಗ ಆತ ಬಾಗಿ, ಚರ್ಮಕ್ಕೆ ಕಿವಿ ತಾಗುವಷ್ಟು ಹತ್ತಿರ ಹೋಗಿ, ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಕಾಲಿನ ಪೆಡಲ್ ಒತ್ತುತ್ತಿದ್ದ. ನಮ್ಮ ಮೃದಂಗದವರು ಕಲ್ಲು ಹಿಡಿದು ಅಂಚಿಗೆ ಕುಟ್ಟಿ ಶ್ರುತಿ ಮಾಡುವಾಗ ಮುಖದಲ್ಲಿ ಮೂಡುವ ತನ್ಮಯತೆಯೇ ಅಲ್ಲೂ ಇತ್ತು. ನುಡಿಸುತ್ತಿದ್ದದ್ದು ಸಿಬೇಲಿಯಸ್‌ನ ಎರಡನೆಯ ಸಿಂಫನಿ. ಅದರ ಎರಡನೆಯ ಭಾಗ ಶುರುವಾಗುವುದು ಆತನ ಸಣ್ಣ ಗುಡುಗಿನಿಂದ; ಹಿಂದೆಯೇ ದಪ್ಪ ತಂತಿಯ ಬೇಸ್‌ಗಳು, ಚೆಲ್ಲೋಗಳು ಕಮಾನು ಬಿಟ್ಟು ಬೆರಳಿನಿಂದ ಒಂದೊಂದೇ ಸ್ವರ ಮೀಟುತ್ತವೆ. ಎರಡು ಮೀಟುಗಳ ನಡುವೆ ಕಿವಿಗೊಟ್ಟೆ. ರೈಲು ಕೇಳಲಿಲ್ಲ.

ಫಿಲ್ಹಾರ್ಮೋನಿಯಾ ಕೇಳಲೆಂದೇ ಅಷ್ಟು ದೂರದಿಂದ ಟಿಕೆಟ್ ತೆಗೆದಿದ್ದೆ. ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಈ ತಂಡ ಕಟ್ಟಿದರು. ಮೊದಲ ವರ್ಷಗಳಲ್ಲಿ ಅದಕ್ಕೆ ಬೆನ್ನೆಲುಬಾಗಿ ನಿಂತ ಹಣ ಮೈಸೂರಿನದು. ಮಹಾರಾಜ ಜಯಚಾಮರಾಜ ಒಡೆಯರ್ 1948ರಲ್ಲಿ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಇಪ್ಪತ್ತೊಂಬತ್ತರ ವಯಸ್ಸು. ವಾಸುದೇವಾಚಾರ್ಯರಂಥ ವಿದ್ವಾಂಸರ ಒಡನಾಟ; 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರ. ಅದೇ ಮನುಷ್ಯ ಲಂಡನ್ನಿನಲ್ಲಿ ಕಾಯಿಲೆ, ಕಷ್ಟದಲ್ಲಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ತನ್ನ ರಚನೆಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸುವಂತೆ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ.

ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಬರೆದ ಕೊನೆಯ ನಾಲ್ಕು ಹಾಡುಗಳದ್ದು ಇನ್ನೂ ಮನ ಕಲಕುವ ಸಂಗತಿ. ಅವುಗಳನ್ನು ಕೇಳದೆಯೇ ಆತ 1949ರಲ್ಲಿ ತೀರಿಕೊಂಡ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇದೇ ಫಿಲ್ಹಾರ್ಮೋನಿಯಾ, ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಗಾಯನದೊಂದಿಗೆ ಮೊದಲ ಬಾರಿ ಪ್ರಸ್ತುತಪಡಿಸಿತು. ನಷ್ಟವಾದರೆ ತುಂಬಿಕೊಡುವ ಭರವಸೆ ಮೈಸೂರಿನಿಂದ ಬಂದಿತ್ತು. ಮಹಾರಾಜರು ಹೋಗಲಾಗಲಿಲ್ಲ. ಅವರಿಗೆಂದೇ ಕಛೇರಿಯನ್ನು ಮುದ್ರಿಸಿಕೊಂಡು ಮೈಸೂರಿಗೆ ಕಳಿಸಿದರು. ಸಂಸ್ಥಾನ ಭಾರತದಲ್ಲಿ ಸೇರಿದ ಮೇಲೆ ಆ ನೆರವು ಹೆಚ್ಚು ಕಾಲ ನಡೆಯಲಿಲ್ಲ. ಅಷ್ಟರಲ್ಲಿ ತಂಡ ಕಾಲೂರಿತ್ತು. 1952ರಲ್ಲಿ ಪ್ರಸಿದ್ಧ ವಾದ್ಯವೃಂದ ನಿರ್ದೇಶಕ ಟೊಸ್ಕನೀನಿಯೇ ಇದೇ ಫೆಸ್ಟಿವಲ್ ಹಾಲಿಗೆ ಬಂದು ಅದನ್ನು ನಿರ್ದೇಶಿಸಿದರು. ಮೈಸೂರಿನ ರೈತನ ಕಂದಾಯ ಲಂಡನ್ನಿನ ಪಿಟೀಲಿಗೇಕೆ ಎಂದು ಕೇಳುವವರಿದ್ದಾರೆ, ಕೇಳಲೇಬೇಕಾದ ಪ್ರಶ್ನೆ. ಆದರೂ ಯಾರ ನಾಡಿನ ಸಂಗೀತವೆಂದು ನೋಡದೆ ಅದು ಬದುಕಲಿ ಎಂದು ಬಗೆದ ಆ ರಸಿಕನ ಪರವಾಗಿಯೇ ನನ್ನ ಮನಸ್ಸು ವಾಲುತ್ತದೆ.

ಚಪ್ಪಾಳೆ ಮುಗಿದು ವಾದ್ಯಗಾರರು ಏಳತೊಡಗಿದರು. ಟಿಂಪನಿಯವನು ಎಲ್ಲರಿಗಿಂತ ಕೊನೆಗೆ, ಮಲಗಿದ ಮಗುವಿಗೆ ಹೊದಿಸುವ ಹಾಗೆ, ನಾಲ್ಕೂ ವಾದ್ಯಗಳಿಗೆ ಮುಚ್ಚಳ ಹಾಕಿದ. ಹೊರಗೆ ನದಿ ಇಳಿದಿತ್ತು. ಇಲ್ಲಿ ಥೇಮ್ಸ್‌ಗೆ ಸಮುದ್ರದ ಉಬ್ಬರವಿಳಿತ ಉಂಟು. ಬೆಳಿಗ್ಗೆ ಗೋಡೆ ಮುಟ್ಟಿದ್ದ ನೀರು ಈಗ ಕೆಸರು, ಕಲ್ಲು ಬಿಟ್ಟು ದೂರ ಸರಿದಿತ್ತು. ರೈಲು ಸೇತುವೆಗೆ ಅಂಟಿಕೊಂಡ ಕಾಲ್ದಾರಿ ಹಿಡಿದೆ. ನಡುವೆ ಬಂದಾಗ ಗಾಡಿಯೊಂದು ಪಕ್ಕದಲ್ಲೇ ಹಾದುಹೋಯಿತು. ಕಂಬಿಗಳು ಕಿರುಚಿದವು, ಪಾದದಡಿಯ ಹಲಗೆ ನಡುಗಿತು, ಜೊತೆಗೆ ನಡೆಯುತ್ತಿದ್ದವರು ಮಾತು ನಿಲ್ಲಿಸಿ ಕಾದರು. ತಿರುಗಿ ನೋಡಿದೆ. ಹಾಲಿನ ಗಾಜಿನ ಹಿಂದೆ ದೀಪಗಳಿನ್ನೂ ಉರಿಯುತ್ತಿದ್ದವು, ಪಡಸಾಲೆಯಲ್ಲಿ ಜನ ಇನ್ನೂ ಕುಳಿತಿದ್ದರು.